ಟೇಪ್ ಸುತ್ತಿದರೂ ವೈರ್ ಜಾಯಿಂಟಿಗೆ ಕಿಲುಬು ಹಿಡಿಯುವುದೇಕೆ?

ಪ್ರಶ್ನೆ: ನಮಸ್ಕಾರ. ನಮ್ಮ ಕಾಂಪೌಂಡಿನ ಒಳಗೆ 9 ಗಾರ್ಡನ್ ಲೈಟ್‌ಗಳಿವೆ. 1.5 ಚದರ ಮಿ.ಮೀ.ನ ಮೂರು ಕೋರಿನ (ಒಳಗೆ ಮೂರು ವೈರ್ ಇರುವ) ತಾಮ್ರದ ಕೇಬಲ್ ನೆಲದೊಳಗೆ ಹೋಗಿದೆ. ಪ್ರತಿ ಲೈಟಿನ ಬುಡದಲ್ಲಿ ಒಂದು ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಇಟ್ಟು, ಅದರೊಳಗೆ ವೈರ್‌ಗಳನ್ನು ತಿರುಚಿ, ಮೂರು ನಾಲ್ಕು ಸುತ್ತು ಟೇಪ್ ಹಾಕಿದ್ದಾರೆ. ಮುಚ್ಚಳದ ಸುತ್ತ ಸಿಲಿಕಾನ್ ಕೂಡ ಬಳಿದಿದ್ದಾರೆ. ಆದರೂ ಮಳೆ ಶುರುವಾದರೆ ಸಾಕು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಬಿಚ್ಚಿ ನೋಡಿದರೆ ಎರಡು ಬಾಕ್ಸ್‌ಗಳಲ್ಲಿ ಅರ್ಧದಷ್ಟು ನೀರಿತ್ತು. ತಾಮ್ರ ಹಸಿರಾಗಿತ್ತು, ಇನ್ಸುಲೇಶನ್ ಸುಲಿದರೆ ಒಳಗೆಲ್ಲ ಕಪ್ಪು. ಗೇಟಿನ ಹತ್ತಿರ ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್ ಕಟ್ಟಿದ್ದ ಜಾಗ ಸುಟ್ಟೇ ಹೋಗಿದೆ. ಬಾವಿಯಲ್ಲಿರುವ ಸಬ್‌ಮರ್ಸಿಬಲ್ ಪಂಪಿನ ಕೇಬಲಿಗೂ ನೀರಿನೊಳಗೇ ಒಂದು ಜಾಯಿಂಟ್ ಇದೆ, ಈಗ ಅದರ ಮೇಲೂ ಅನುಮಾನ. ಒಬ್ಬರು ಒಳ್ಳೆಯ ಟೇಪ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಬೆಸುಗೆ ಹಾಕಿದರೆ ಶಾಶ್ವತ ಎನ್ನುತ್ತಾರೆ, ಮತ್ತೊಬ್ಬರು ಗ್ರೀಸ್ ತುಂಬಿ ಎನ್ನುತ್ತಾರೆ. ಗ್ರೀಸ್ ಹಾಕಿದರೆ ಕರೆಂಟೇ ಹರಿಯುವುದಿಲ್ಲ ಎಂದೂ ಕೇಳಿದ್ದೇನೆ. ಇದರಲ್ಲಿ ಯಾವುದು ನಿಜ?

ಉತ್ತರ: ಮೊದಲು ಒಂದು ಮಾತು. ಆರ್‌ಸಿಸಿಬಿ ಟ್ರಿಪ್ ಆಗುತ್ತಿರುವುದನ್ನು ತೊಂದರೆ ಎಂದು ನೋಡಬೇಡಿ. ಒದ್ದೆ ಜಾಯಿಂಟಿನಿಂದ ಮಣ್ಣಿಗೆ ಕರೆಂಟ್ ಸೋರುತ್ತಿದೆ, ಅದನ್ನು ಅದು ಹಿಡಿದು ತೋರಿಸುತ್ತಿದೆ. ಮತ್ತೆ ಮತ್ತೆ ಎತ್ತಿ ಹಾಕಿ ಲೈಟ್ ಉರಿಸುವುದು, ಅಥವಾ ಅದನ್ನು ತಪ್ಪಿಸಿ ನೇರ ಕನೆಕ್ಷನ್ ಕೊಡಿಸುವುದು ಖಂಡಿತ ಬೇಡ. ರಿಪೇರಿ ಮುಗಿಯುವವರೆಗೆ ಆ ಲೈನನ್ನು ಪೂರ್ತಿ ಬೇರ್ಪಡಿಸಿಡಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ ಅದು.

ನಿಮಗೆ ಸಿಕ್ಕ ಸಲಹೆಗಳೆಲ್ಲ ಒಂದೇ ನಂಬಿಕೆಯಿಂದ ಹುಟ್ಟಿವೆ: ಮೇಲಿನಿಂದ ಬಿಗಿಯಾಗಿ ಸುತ್ತಿದರೆ, ಬಳಿದರೆ, ತುಂಬಿದರೆ ನೀರು ಒಳಗೆ ಬರುವುದಿಲ್ಲ ಎಂಬ ನಂಬಿಕೆ. ಆದರೆ ಜಾಯಿಂಟಿಗೆ ನೀರು ಮೇಲಿನಿಂದ ಬೀಳುವುದು ಅಪರೂಪ. ಅದು ಬಾಕ್ಸಿನ ಉಸಿರಾಟದ ಜೊತೆ ಒಳಗೆ ಬರುತ್ತದೆ, ವೈರಿನ ಎಳೆಗಳ ನಡುವೆ ತೆವಳಿಕೊಂಡು ಬರುತ್ತದೆ. ಈ ಎರಡು ದಾರಿಗಳು ಗೊತ್ತಾದರೆ ಯಾವ ಮದ್ದು ಎಲ್ಲಿಗೆ ಎಂಬುದು ತಾನಾಗಿ ತಿಳಿಯುತ್ತದೆ.

ಬಾಕ್ಸ್ ನೀರು ಕುಡಿಯುವ ಬಗೆ

ಬಿಸಿಲಿಗೆ ಕಾದ ಪ್ಲಾಸ್ಟಿಕ್ ಬಾಕ್ಸಿನೊಳಗಿನ ಗಾಳಿ ಸುಲಭವಾಗಿ 55 ಡಿಗ್ರಿ ಮುಟ್ಟುತ್ತದೆ. ಬಿಸಿಯಾದ ಗಾಳಿ ಹಿಗ್ಗಿ, ಮುಚ್ಚಳದ ಸಂದಿಯಿಂದಲೋ ಕೇಬಲ್ ಪಕ್ಕದಿಂದಲೋ ಸ್ವಲ್ಪ ಸ್ವಲ್ಪವೇ ಆಚೆ ಹೋಗುತ್ತದೆ. ಆಗಲೇ ಮಳೆ ಬಂತೆನ್ನಿ. ಒಂದೆರಡು ನಿಮಿಷದಲ್ಲಿ ಒಳಗಿನ ಗಾಳಿ 25 ಡಿಗ್ರಿಗೆ ಇಳಿಯುತ್ತದೆ. ಹೀಗೆ ತಣ್ಣಗಾದಾಗ ಒಳಗಿನ ಒತ್ತಡ ಸುಮಾರು ಶೇ. 9ರಷ್ಟು ಕುಸಿಯುತ್ತದೆ. ಕೇಳಲು ಚಿಕ್ಕದು. ಆದರೆ ಅದು 90 ಸೆಂ.ಮೀ. ಎತ್ತರದ ನೀರಿನ ಒತ್ತಡಕ್ಕೆ ಸಮ. ಅಂದರೆ ಮುಚ್ಚಳದ ಸಂದಿಯಲ್ಲಿ ನಿಂತಿರುವ ತೆಳ್ಳಗಿನ ನೀರನ್ನು, ಬಾಕ್ಸ್ ಸುಮಾರು ಮೂರು ಅಡಿ ನೀರಿನಲ್ಲಿ ಮುಳುಗಿದ್ದರೆ ಎಷ್ಟು ಜೋರಾಗಿ ನುಗ್ಗುತ್ತಿತ್ತೋ ಅಷ್ಟೇ ಜೋರಿನಿಂದ ಬಾಕ್ಸ್ ಒಳಗೆಳೆಯುತ್ತದೆ. ಮರುದಿನ ಬಿಸಿಲು ಬಂದಾಗ ಗಾಳಿ ಆಚೆ ಹೋಗುತ್ತದೆ, ತಳದ ನೀರು ಮಾತ್ರ ಅಲ್ಲೇ ಉಳಿಯುತ್ತದೆ. ಹತ್ತು ಹದಿನೈದು ಸಲ ಹೀಗಾದರೆ ಅರ್ಧ ಬಾಕ್ಸ್ ನೀರು. ಸುತ್ತ ಸಿಲಿಕಾನ್ ಬಳಿದಿದ್ದಕ್ಕೇ ಅದು ಹೊರಗೆ ಹರಿಯಲಿಲ್ಲ. ಅರ್ಧಂಬರ್ಧ ಮುಚ್ಚಿದ ಬಾಕ್ಸ್, ತೆರೆದ ಬಾಕ್ಸಿಗಿಂತ ಕೆಟ್ಟದ್ದು ಎಂದು ನಾನು ಹೇಳುವುದು ಇದಕ್ಕೆ.

ಬಳಿದದ್ದು ಯಾವ ಸಿಲಿಕಾನ್ ಎಂಬುದನ್ನೂ ನೋಡಬೇಕು. ಹಚ್ಚುವಾಗ ವಿನೆಗರ್ ವಾಸನೆ ಬಂದಿದ್ದರೆ ಅದು ಒಣಗುತ್ತ ಅಸಿಟಿಕ್ ಆಮ್ಲ ಬಿಡುವ ಜಾತಿಯದ್ದು. ಬಾತ್‌ರೂಮ್ ಟೈಲ್ಸ್ ಸಂದಿಗೆ ಸರಿ, ತಾಮ್ರದ ಹತ್ತಿರ ಮಾತ್ರ ಬೇಡವೇ ಬೇಡ. ಮುಚ್ಚಿದ ಬಾಕ್ಸಿನೊಳಗೆ ಆ ಆಮ್ಲದ ಆವಿ ಹೊರಹೋಗಲು ದಾರಿಯಿಲ್ಲದೆ ತಾಮ್ರವನ್ನೇ ತಿನ್ನುತ್ತದೆ. ಇದಲ್ಲದೆ ಟ್ಯೂಬಿನಲ್ಲಿ ಬರುವ ಸಿಲಿಕಾನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹೊರಮೈಯಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿ.ಮೀ.ನಂತೆ. ಬಾಕ್ಸ್ ತುಂಬ ಅದನ್ನೇ ಹಿಂಡಿದರೆ ಮೇಲೆ ಗಟ್ಟಿ ಕೆನೆ ಕಟ್ಟುತ್ತದೆ, ನಡುವಿನದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬಳಸಲೇಬೇಕಿದ್ದರೆ ವಿನೆಗರ್ ವಾಸನೆ ಬಾರದ ನ್ಯೂಟ್ರಲ್ ಕ್ಯೂರ್ ಸಿಲಿಕಾನ್ ತನ್ನಿ, ಅದನ್ನೂ ಬಾಕ್ಸಿನ ಹೊರಸಂದಿಗೆ ಮಾತ್ರ ಹಾಕಿ.

ಎಳೆಗಳ ನಡುವಿನ ದಾರಿ

ಇನ್ಸುಲೇಶನ್ ಸುಲಿದಾಗ ಒಳಗೂ ಕಪ್ಪು ಕಂಡಿತು ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಅದು. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಗಾಳಿ, ನೀರು, ಉಪ್ಪಿನಂಶ ಮೂರೂ ಸಿಗುವ ತುದಿಯಲ್ಲಿ ಹಸಿರು. ಗಾಳಿ ಕಡಿಮೆ ಇರುವ ಇನ್ಸುಲೇಶನ್ ಒಳಗೆ ಕಂದು ಅಥವಾ ಕಪ್ಪು ಆಕ್ಸೈಡ್.

ಆ ಕೇಬಲಿನ ಒಂದು ಗೇಣು ತುಂಡನ್ನು ಕತ್ತರಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ತುದಿಯಲ್ಲಿ ಎಳೆಗಳು ಹಸಿರು ಪುಡಿ ಮೆತ್ತಿಕೊಂಡು ಒಂದಕ್ಕೊಂದು ಅಂಟಿರುತ್ತವೆ. ಎರಡು ಬೆರಳು ಮುಂದೆ ಹೋದರೆ ಕಪ್ಪು, ಬಾಗಿಸಿದರೆ ಎಳೆಗಳು ಲಟಲಟನೆ ಮುರಿಯುತ್ತವೆ. ಇನ್ನೂ ಮುಂದೆ ಮಾಸಿದ ಕಂದು. ಅದರಾಚೆ ಎಲ್ಲೋ ಒಂದು ಕಡೆ ಹೊಸ ತಾಮ್ರದ ಗುಲಾಬಿ ಹೊಳಪು ಶುರುವಾಗುತ್ತದೆ. ನೀರು ಎಷ್ಟು ದೂರ ಹೋಗಿತ್ತು ಎಂಬುದನ್ನು ಅಲ್ಲಿ ಅಳತೆಪಟ್ಟಿ ಇಟ್ಟು ಅಳೆಯಬಹುದು.

ತೆಳ್ಳಗಿನ ಎಳೆಗಳ ಕಟ್ಟು ದೀಪದ ಬತ್ತಿಯಿದ್ದ ಹಾಗೆ. ಬತ್ತಿ ಎಣ್ಣೆಯನ್ನು ಹೀರುವಂತೆ ಎಳೆಗಳ ನಡುವಿನ ಸಂದಿ ನೀರನ್ನು ಹೀರಿ ಒಳಕ್ಕೆ ಒಯ್ಯುತ್ತದೆ. ಆದ್ದರಿಂದ ಒಂದು ಬಾಕ್ಸ್ ಎಷ್ಟೇ ಚೆನ್ನಾಗಿದ್ದರೂ ಪಕ್ಕದ ಲೈಟಿನ ಒಳಗಿನ ತೇವ ಕೇಬಲ್ ಮೂಲಕವೇ ಅದಕ್ಕೆ ಬರಬಹುದು. ಕೇಬಲ್ ಮೇಲಿನಿಂದ ಬಾಕ್ಸಿನೊಳಗೆ ಇಳಿಯುತ್ತಿದ್ದರಂತೂ ಹೊರಮೈ ಮೇಲೆ ಹರಿಯುವ ಮಳೆನೀರು ನೇರವಾಗಿ ಗ್ಲ್ಯಾಂಡಿಗೆ, ಅಂದರೆ ಕೇಬಲ್ ಬಾಕ್ಸಿನೊಳಗೆ ಹೋಗುವ ತೂತಿನ ಬಿರಡೆಗೆ, ಬಂದು ನಿಲ್ಲುತ್ತದೆ.

ಕಪ್ಪಾದ ತಾಮ್ರವನ್ನು ಉಪ್ಪುಕಾಗದದಿಂದ ತಿಕ್ಕಿ ಮತ್ತೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಹೊರಗಿನ ಎಳೆಗಳು ಹೊಳೆಯುತ್ತವೆ, ಒಳಗಿನವು ಕಪ್ಪಾಗಿಯೇ ಉಳಿಯುತ್ತವೆ. ಹುಣಸೆಹುಳಿ, ನಿಂಬೆ, ಉಪ್ಪು ಹಾಕಿ ತೊಳೆಯುವುದು ಪಾತ್ರೆಗೆ ಸರಿ, ವೈರಿಗೆ ಅಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಹುಳಿ, ಉಪ್ಪು ಮುಂದಿನ ಕಿಲುಬಿಗೆ ಬೀಜ ಬಿತ್ತಿದಂತೆ. ಇರುವುದು ಒಂದೇ ದಾರಿ: ಹೊಳಪು ಸಿಗುವವರೆಗೆ ಕತ್ತರಿಸುವುದು. 30 ಸೆಂ.ಮೀ. ಕತ್ತರಿಸಿದರೂ ಹೊಳಪು ಸಿಗದಿದ್ದರೆ ಆ ಎರಡು ಲೈಟ್‌ಗಳ ನಡುವಿನ ತುಂಡನ್ನೇ ಬದಲಿಸಿ.

ಬಿಸಿ ಎಲ್ಲಿಂದ ಬರುತ್ತದೆ

ತಿರುಚಿದ ಜಾಯಿಂಟಿನಲ್ಲಿ ವೈರ್‌ಗಳು ಒಂದನ್ನೊಂದು ಮುಟ್ಟುವುದು ಕೆಲವೇ ಚುಕ್ಕೆಗಳಲ್ಲಿ. ಆ ಚುಕ್ಕೆಗಳ ಮೇಲೆ ಆಕ್ಸೈಡ್ ಬೆಳೆದಂತೆ ಅಲ್ಲಿನ ರೆಸಿಸ್ಟೆನ್ಸ್ ಏರುತ್ತದೆ. ಒಳ್ಳೆಯ ಕ್ರಿಂಪ್ ಜಾಯಿಂಟಿನ (ವೈರನ್ನು ಲೋಹದ ಕೊಳವೆಗೆ ತೂರಿಸಿ ಒತ್ತಿದ್ದರ) ರೆಸಿಸ್ಟೆನ್ಸ್ 1 ಮಿಲಿಓಮ್‌ಗಿಂತ ಕಡಿಮೆ. 10 ಆಂಪಿಯರ್ ಹರಿದರೂ ಅಲ್ಲಿ 0.1 ವ್ಯಾಟ್‌ಗಿಂತ ಹೆಚ್ಚು ಬಿಸಿ ಹುಟ್ಟದು. ಅದೇ ಜಾಗ ಕಿಲುಬಿನಿಂದ 100 ಮಿಲಿಓಮ್ ಆಯಿತೆಂದರೆ 10 ವ್ಯಾಟ್. ಬೆರಳ ತುದಿಯಷ್ಟು ಜಾಗದಲ್ಲಿ, ಟೇಪಿನ ಕೆಳಗೆ, ಗಾಳಿಯಿಲ್ಲದೆ 10 ವ್ಯಾಟ್ ಬಿಸಿ ಎಂದರೆ ಇನ್ಸುಲೇಶನ್ ಮೆತ್ತಗಾಗಿ ಕರಗಲು ಸಾಕು. ಇದರಲ್ಲಿ ಗಮನಿಸಬೇಕಾದ್ದು, ಇಷ್ಟಾದರೂ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್) ಬೀಳುವುದಿಲ್ಲ. ಹರಿಯುವ ಕರೆಂಟ್ ಹೆಚ್ಚಾಗಿಲ್ಲವಲ್ಲ! ಗಾರ್ಡನ್ ಲೈಟಿಗೆ ಹರಿಯುವ ಕರೆಂಟ್ ಕಡಿಮೆ, ಆದ್ದರಿಂದ ನಿಮ್ಮ ಬಾಕ್ಸ್‌ಗಳಲ್ಲಿ ಬರೀ ಸೋರಿಕೆಯಾಗಿದೆ. ಗೇಟಿನ ಜಾಯಿಂಟ್ ಸುಟ್ಟಿದ್ದು ಮಾತ್ರ ಈ ಬಿಸಿಯಿಂದಲೇ.

ಅಲ್ಯೂಮಿನಿಯಂ ಮತ್ತು ತಾಮ್ರವನ್ನು ನೇರವಾಗಿ ತಿರುಚಿ ಕಟ್ಟಬಾರದು. ಅಲ್ಯೂಮಿನಿಯಂ ಸುಲಿದ ಕ್ಷಣದಲ್ಲೇ ಅದರ ಮೇಲೆ ಗಟ್ಟಿ ಆಕ್ಸೈಡ್ ಪೊರೆ ಕಟ್ಟುತ್ತದೆ, ಆ ಪೊರೆಯಲ್ಲಿ ಕರೆಂಟ್ ಹರಿಯದು. ಬಿಸಿಗೆ ಅದು ತಾಮ್ರಕ್ಕಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ಹಿಗ್ಗುತ್ತದೆ, ಒತ್ತಡ ಬಿದ್ದಲ್ಲಿ ನಿಧಾನವಾಗಿ ಜರುಗುತ್ತದೆ. ಹೀಗಾಗಿ ಬಿಗಿ ತಾನಾಗಿ ಸಡಿಲವಾಗುತ್ತದೆ. ಇದರ ಮೇಲೆ ತೇವ ಸೇರಿತೆಂದರೆ ಎರಡು ಲೋಹಗಳೂ ಸೇರಿ ಒಂದು ಪುಟ್ಟ ಬ್ಯಾಟರಿಯಾಗುತ್ತವೆ, ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಇಲ್ಲಿಗೆ ಬೇಕಿರುವುದು ಎರಡೂ ಲೋಹಕ್ಕೆಂದೇ ಮಾಡಿದ ಬೈಮೆಟಾಲಿಕ್ ಲಗ್ (ವೈರ್ ತುದಿಗೆ ಒತ್ತುವ ಲೋಹದ ತೊಡುಗೆ), ಅಥವಾ ತವರ ಲೇಪಿಸಿದ, ಎರಡು ವೈರ್‌ಗಳಿಗೂ ಬೇರೆ ಬೇರೆ ತೂತಿರುವ ಕನೆಕ್ಟರ್. ಅಲ್ಯೂಮಿನಿಯಂ ತುದಿಗೆ ಸತುವಿನ ಕಣಗಳಿರುವ ಆಕ್ಸೈಡ್ ನಿರೋಧಕ ಪೇಸ್ಟ್ ಹಚ್ಚಿ, ಆ ಪೇಸ್ಟಿನ ಕೆಳಗೇ ತಂತಿ ಬ್ರಷ್‌ನಿಂದ ಉಜ್ಜಿ, ಗಾಳಿ ತಾಗುವ ಮೊದಲೇ ಕನೆಕ್ಟರಿಗೆ ತೂರಿಸಿ ಬಿಗಿಯಬೇಕು. ಕೂರಿಸುವಾಗ ಅಲ್ಯೂಮಿನಿಯಂ ಮೇಲೆ, ತಾಮ್ರ ಕೆಳಗೆ ಇರಲಿ. ತಾಮ್ರದ ಮೇಲಿಂದ ತೊಟ್ಟಿಕ್ಕುವ ನೀರಿನಲ್ಲಿ ಕರಗಿದ ತಾಮ್ರವಿರುತ್ತದೆ, ಅದು ಅಲ್ಯೂಮಿನಿಯಂ ಮೇಲೆ ಬಿದ್ದಲ್ಲೆಲ್ಲ ಗುಂಡಿ ಕೊರೆಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಆ ಹಳೆಯ ಅಲ್ಯೂಮಿನಿಯಂ ತುಂಡನ್ನು ತೆಗೆದು ತಾಮ್ರವನ್ನೇ ಎಳೆಸುವುದು. ದೂರ ಕಡಿಮೆಯಿದ್ದರೆ ನನ್ನ ಸಲಹೆ ಅದೇ.

ಟೇಪ್, ಬೆಸುಗೆ, ಗ್ರೀಸ್

ಸಾಮಾನ್ಯ ಪಿವಿಸಿ ಇನ್ಸುಲೇಶನ್ ಟೇಪ್ ಕರೆಂಟ್ ತಡೆಯಲು ಇರುವುದು, ನೀರು ತಡೆಯಲು ಅಲ್ಲ. ಸುರುಳಿಯಾಗಿ ಸುತ್ತಿದ ಪದರಗಳ ನಡುವೆ ಬರೀ ಅಂಟಿನ ಭರವಸೆ. ಬಿಸಿಲಿಗೆ ಆ ಅಂಟು ಕರಗಿ ಜಾರುತ್ತದೆ. ಕೊನೆಯ ಸುತ್ತನ್ನು ಜಗ್ಗಿ ಹಾಕಿದ್ದರೆ ಅದು ಮೊದಲು ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಒಳಹೊಕ್ಕ ನೀರು ಸುರುಳಿಯ ದಾರಿಯಲ್ಲೇ ಸುತ್ತುತ್ತ ತಾಮ್ರ ಮುಟ್ಟುತ್ತದೆ, ಆಮೇಲೆ ಒಣಗುವುದೇ ಇಲ್ಲ. ನಾಲ್ಕರ ಬದಲು ಹತ್ತು ಸುತ್ತು ಹಾಕಿದರೆ ನೀರು ಒಳಗೆ ಹೋಗುವುದು ತಡವಾಗುತ್ತದೆ, ಹೊರಗೆ ಬರುವುದು ಇನ್ನೂ ತಡವಾಗುತ್ತದೆ.

ನೀರು ತಡೆಯಬಲ್ಲ ಟೇಪ್ ಬೇರೆಯೇ ಇದೆ: ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್. ಇದರಲ್ಲಿ ಅಂಟಿಲ್ಲ. ಹಿಂಬದಿಯ ಪ್ಲಾಸ್ಟಿಕ್ ಹಾಳೆ ತೆಗೆದು, ಅಗಲ ಅರ್ಧಕ್ಕೆ ಇಳಿಯುವಷ್ಟು ಜಗ್ಗಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಬರುವಂತೆ ಸುತ್ತಬೇಕು. ಜಗ್ಗದೆ ಸುತ್ತಿದರೆ ಅದು ಬೆಸೆಯುವುದೇ ಇಲ್ಲ. ಹೆಚ್ಚಿನವರ ತಪ್ಪು ಇಲ್ಲೇ. ಜಾಯಿಂಟಿನ ಎರಡೂ ಕಡೆ ಇನ್ಸುಲೇಶನ್ ಮೇಲೆ ಕನಿಷ್ಠ 50 ಮಿ.ಮೀ. ಹತ್ತಬೇಕು. ಸ್ವಲ್ಪ ಹೊತ್ತಿಗೆ ಪದರಗಳೆಲ್ಲ ಒಂದಾಗಿ ರಬ್ಬರ್ ಕೊಳವೆಯಂತಾಗುತ್ತದೆ. ಬಿಸಿಲಿನಿಂದ ಮತ್ತು ಗೀರಿನಿಂದ ಕಾಪಾಡಲು ಅದರ ಮೇಲೆ ಎರಡು ಪದರ ಕಪ್ಪು ಪಿವಿಸಿ ಟೇಪ್ ಹಾಕಿ, ಕೊನೆಯ ಸುತ್ತನ್ನು ಜಗ್ಗದೆ ಸುಮ್ಮನೆ ಕೂರಿಸಿ.

ಬೆಸುಗೆ ಶಾಶ್ವತ ಎಂಬ ಮಾತು ಅರ್ಧ ನಿಜ. ಚೆನ್ನಾಗಿ ಬೆಸೆದ ಜಾಗದಲ್ಲಿ ಎಳೆಗಳ ನಡುವಿನ ಸಂದಿ ತುಂಬಿಹೋಗುತ್ತದೆ, ನೀರು ಹೀರುವ ಬತ್ತಿಗೆ ಅಲ್ಲಿ ತಡೆ ಬೀಳುತ್ತದೆ. ಅದು ನಿಜವಾದ ಲಾಭ. ಆದರೆ ಸೀಸ, ತವರ ತುಂಬಿದ ಭಾಗ ಗಡುಸಾಗಿ, ಅದು ಮುಗಿದು ಮೆತ್ತನೆಯ ವೈರ್ ಶುರುವಾಗುವ ಗೆರೆಯಲ್ಲೇ ಅಲುಗಾಟಕ್ಕೆ ಎಳೆಗಳು ಮುರಿಯುತ್ತವೆ. ಬೆಸುಗೆ ಹಾಕಿದ ತುದಿಯನ್ನು ಸ್ಕ್ರೂ ಟರ್ಮಿನಲ್ಲಿಗೆ ಕೊಡಲೇಬಾರದು. ಒತ್ತಡಕ್ಕೆ ಬೆಸುಗೆ ಮೆಲ್ಲನೆ ಜರುಗಿ, ಕೆಲವೇ ತಿಂಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ತುದಿಗೆ ಫೆರೂಲ್ ಎಂಬ ಪುಟ್ಟ ಲೋಹದ ಕೊಳವೆ ಒತ್ತುವುದೇ ಸರಿ. ಪಾತ್ರೆ, ತಗಡು ಬೆಸೆಯುವಾಗ ಬೆಸುಗೆ ಹಿಡಿಯಲೆಂದು ಹಚ್ಚುವ ಆಮ್ಲದ ಫ್ಲಕ್ಸ್ ಬಳಸಿದರೆ ಕಿಲುಬನ್ನು ನೀವೇ ಹಚ್ಚಿದಂತೆ. ವೈರಿಗೆ ರಾಳದ ಫ್ಲಕ್ಸ್ ಮಾತ್ರ.

ಇನ್ನು ಗ್ರೀಸ್. ಡೈಎಲೆಕ್ಟ್ರಿಕ್ ಗ್ರೀಸ್ ಎಂಬ ಸಿಲಿಕಾನ್ ಗ್ರೀಸಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅದು ನಿಜ. ಅದನ್ನು ಹಚ್ಚಿದರೆ ಜಾಯಿಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ ಎಂಬುದು ಸುಳ್ಳು. ಸ್ಕ್ರೂ ಬಿಗಿದಾಗ, ಪಿನ್ ತೂರಿದಾಗ ಲೋಹ ಲೋಹವನ್ನು ಒತ್ತುವ ಚುಕ್ಕೆಗಳಿಂದ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ, ಸುತ್ತಲಿನ ಸಂದಿಯಲ್ಲಿ ಉಳಿದು ಗಾಳಿ ನೀರಿಗೆ ಜಾಗ ಕೊಡುವುದಿಲ್ಲ. ಅದರ ಕೆಲಸ ಅಷ್ಟೇ. ಸಡಿಲ ಜಾಯಿಂಟನ್ನು ಅದು ಸರಿಮಾಡದು, ತಿರುಚಿದ ವೈರಿನಲ್ಲಿ ಒತ್ತಡವೇ ಇಲ್ಲದ್ದರಿಂದ ಅಲ್ಲಿ ಉಪಯೋಗವೂ ಕಡಿಮೆ. ಸ್ವಿಚ್ ಮತ್ತು ರಿಲೇಯಂಥ ಕಿಡಿ ಹಾರುವ ಸಂಪರ್ಕಗಳಿಗೆ ಸಿಲಿಕಾನ್ ಗ್ರೀಸ್ ತಾಗಿಸಬೇಡಿ. ಕಿಡಿಯ ಬಿಸಿಗೆ ಅದು ಮರಳಿನಂಥ ಸಿಲಿಕಾ ಆಗಿ ಕೂರುತ್ತದೆ. ವ್ಯಾಸಲಿನ್ ಹಚ್ಚುವವರೂ ಇದ್ದಾರೆ. ವಾಹನದ ಬ್ಯಾಟರಿ ಟರ್ಮಿನಲ್ಲಿಗೆ ನಡೆಯುತ್ತದೆ. ಬಿಸಿಲಿಗೆ ಕರಗಿ ಹರಿಯುವ, ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಮನೆಯ ಲೈನಿಗೆ ಬೇಡ. ಇನ್ನೊಂದು ಎಚ್ಚರ: ಬಿಸಿಗೆ ಕುಗ್ಗುವ ಸ್ಲೀವ್, ಟೇಪ್ ಅಥವಾ ಸುರಿದು ಗಟ್ಟಿಯಾಗಿಸುವ ರೆಸಿನ್ ಅಂಟಬೇಕಾದ ಮೈಗೆ ಗ್ರೀಸಿನ ಒಂದು ಬೆರಳಚ್ಚೂ ಬೀಳಬಾರದು. ಗ್ರೀಸಾದರೆ ಗ್ರೀಸ್, ಅಂಟಾದರೆ ಅಂಟು, ಎರಡೂ ಒಂದೇ ಕಡೆ ಆಗದು.

ನಿಮ್ಮ ಲೈಟ್‌ಗಳಿಗೆ ಏನು ಮಾಡಬಹುದು

ಎರಡು ದಾರಿಗಳಿವೆ, ನಡುವಿನ ದಾರಿ ಇಲ್ಲ. ಒಂದೋ ಬಾಕ್ಸ್ ಉಸಿರಾಡಲಿ, ನೀರು ಬಂದರೆ ಹರಿದುಹೋಗಲಿ. ಇಲ್ಲವೋ ಒಳಗೆ ಗಾಳಿಗೇ ಜಾಗ ಇಲ್ಲದಂತೆ ತುಂಬಿಸಿ.

ಬಾಕ್ಸನ್ನು ನೆಲದಿಂದ ಒಂದಡಿ ಮೇಲೆ, ಲೈಟಿನ ಕಂಬಕ್ಕೋ ಗೋಡೆಗೋ ಎತ್ತಿ ಕೂರಿಸಲು ಸಾಧ್ಯವಿದ್ದರೆ ಮೊದಲನೆಯದನ್ನೇ ಆರಿಸಿಕೊಳ್ಳಿ, ಮುಂದೆ ಬಿಚ್ಚಿ ನೋಡಬಹುದು. ಕೇಬಲ್‌ಗಳೆಲ್ಲ ಬಾಕ್ಸಿನ ತಳದಿಂದಲೇ ಒಳಗೆ ಬರಲಿ. ಮೇಲಿನಿಂದ ಬರುವ ಕೇಬಲ್ ಇದ್ದರೆ ಬಾಕ್ಸಿಗಿಂತ ಕೆಳಗೆ ಒಂದು ಬಾಗು ಕೊಟ್ಟು ಮತ್ತೆ ಮೇಲಕ್ಕೆ ತನ್ನಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಂದು ಗ್ಲ್ಯಾಂಡಿಗೆ ಒಂದೇ ಕೇಬಲ್. ಎರಡು ಕೇಬಲ್ ತೂರಿಸಿದರೆ ನಡುವಿನ ಮೂಲೆಯನ್ನು ಯಾವ ರಬ್ಬರೂ ಮುಚ್ಚದು. ಗುಂಡು ಗ್ಲ್ಯಾಂಡಿನಲ್ಲಿ ಚಪ್ಪಟೆ ಕೇಬಲಿಗೂ ಇದೇ ಮಾತು. ತಳದ ಅತಿ ತಗ್ಗಿನ ಜಾಗದಲ್ಲಿ ಸುಮಾರು 5 ಮಿ.ಮೀ. ತೂತು ಕೊರೆದು, ಇರುವೆ ಬಾರದಂತೆ ಜಾಲರಿ ಅಥವಾ ಡ್ರೈನ್ ಪ್ಲಗ್ ಹಾಕಿ. ತೂತಿನಿಂದ ಒಳಗಿನ ಮತ್ತು ಹೊರಗಿನ ಒತ್ತಡ ಒಂದೇ ಆಗುತ್ತದೆ, ಮುಚ್ಚಳದ ಸಂದಿಯ ನೀರನ್ನು ಎಳೆಯುವ ಶಕ್ತಿಯೇ ಇರುವುದಿಲ್ಲ. ಬಾಕ್ಸ್ ಮೇಲೆ ಬರೆದ ಐಪಿ ದರ್ಜೆ (ಧೂಳು, ನೀರು ತಡೆಯುವ ಮಟ್ಟ) ಇದರಿಂದ ಇಳಿಯುತ್ತದೆ ಎಂಬುದು ನಿಜ. ದರ್ಜೆ ಉಳಿಸಬೇಕೆಂದರೆ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯಿರುವ ಬ್ರೀದರ್ ಗ್ಲ್ಯಾಂಡ್ ಸಿಗುತ್ತದೆ. ಅಂದಹಾಗೆ ಐಪಿ 67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷದ ಪರೀಕ್ಷೆ ಗೆದ್ದಿದೆ ಎಂದಷ್ಟೇ ಅರ್ಥ, ವರ್ಷಗಟ್ಟಲೆ ಒದ್ದೆ ಮಣ್ಣಿನಲ್ಲಿ ಹೂತಿಡಬಹುದು ಎಂದಲ್ಲ.

ಬಾಕ್ಸ್ ನೆಲದೊಳಗೇ ಇರಬೇಕು ಎಂದಾದರೆ ತೂತಿನಿಂದ ಪ್ರಯೋಜನವಿಲ್ಲ, ನೀರು ಕೆಳಗಿನಿಂದಲೇ ಏರುತ್ತದೆ. ಅಲ್ಲಿ ಜೆಲ್ ಅಥವಾ ರೆಸಿನ್ ತುಂಬಬೇಕು. ಜೆಲ್ ತುಂಬಿದ ಬಾಕ್ಸನ್ನು ಮತ್ತೆ ತೆರೆಯಬಹುದು, ಎಲ್‌ಇಡಿ ಡ್ರೈವರ್ (ದೀಪಕ್ಕೆ ತಕ್ಕಷ್ಟು ಕರೆಂಟ್ ಕೊಡುವ ಡಬ್ಬಿ) ಬದಲಿಸುವ ಸಂದರ್ಭ ಬರುವಲ್ಲಿ ಅದು ಅನುಕೂಲ. ಕೊಳ್ಳುವಾಗ ನಿಮ್ಮ ಲೈನಿನ ವೋಲ್ಟೇಜಿಗೂ ಹೂಳುವುದಕ್ಕೂ ಅದು ಹೊಂದುತ್ತದೆಯೇ ಎಂದು ಪೊಟ್ಟಣ ಓದಿ. ಕೆಲವು ಜೆಲ್ ಕನೆಕ್ಟರ್‌ಗಳು 12 ಅಥವಾ 24 ವೋಲ್ಟಿಗೆ ಮಾತ್ರ. ಎರಡು ಭಾಗಗಳ ರೆಸಿನ್ ಕಲ್ಲಿನಂತೆ ಕೂರುತ್ತದೆ, ಒಳಗೆ ತಪ್ಪು ಉಳಿದರೆ ಅದೂ ಕಲ್ಲಿನೊಳಗೆ ಉಳಿಯುತ್ತದೆ. ಪಾಲಿಯುರಿಥೇನ್ ರೆಸಿನ್ ತೇವ ಕಂಡರೆ ನೊರೆಯೇಳುತ್ತದೆ, ಗಟ್ಟಿಯಾದಾಗ ಸ್ಪಂಜಿನಂತೆ ತೂತುಗಳು. ಆದ್ದರಿಂದ ಕೇಬಲ್ ಪೂರ್ತಿ ಒಣಗಿರಬೇಕು. ಬಣ್ಣ ಒಂದೇ ಸಮನಾಗುವವರೆಗೆ ಎರಡೂ ಭಾಗ ಕಲಸಿ, ಅಚ್ಚಿನ ಒಂದೇ ಬದಿಯಿಂದ ನಿಧಾನಕ್ಕೆ ಸುರಿಯಿರಿ, ಗಾಳಿ ಇನ್ನೊಂದು ಬದಿಯಿಂದ ಹೊರಡಲಿ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಕೂತು ಕೆಲಸ ಮಾಡಿ.

ಎರಡರಲ್ಲಿ ಯಾವುದೇ ಆದರೂ ಒಳಗಿನ ಲೋಹದ ಜಾಯಿಂಟ್ ತಿರುಚಿದ್ದಾಗಿರಬಾರದು. 1.5 ಚದರ ಮಿ.ಮೀ. ವೈರಿಗೆ ಹೊಂದುವ ಬಟ್ ಕನೆಕ್ಟರ್ (ಎರಡು ತುದಿಗಳನ್ನು ಎದುರುಬದುರು ತೂರಿಸಿ ಒತ್ತುವ ಕೊಳವೆ) ತೆಗೆದುಕೊಳ್ಳಿ, ಒಳಮೈಗೆ ಅಂಟು ಬಳಿದ ಹೀಟ್ ಶ್ರಿಂಕ್ ಸ್ಲೀವ್ ಹೊರಗೆ ಇರುವಂಥದ್ದೇ ಸಿಗುತ್ತದೆ. ಬಣ್ಣದಲ್ಲಿ ಕೆಂಪು 0.5ರಿಂದ 1.5ರವರೆಗೆ, ನೀಲಿ 1.5ರಿಂದ 2.5ರವರೆಗೆ, ಹಳದಿ 4ರಿಂದ 6ರವರೆಗೆ. ಒಂದು ಸೈಜ್ ದೊಡ್ಡದನ್ನು ತಂದು ಜೋರಾಗಿ ಒತ್ತಿದರೆ ನಡೆಯುವುದಿಲ್ಲ. ಸುಲಿಯುವಾಗ ಒಂದು ಎಳೆಯೂ ಕತ್ತರಿಸದಂತೆ ವೈರ್ ಸ್ಟ್ರಿಪ್ಪರ್ ಬಳಸಿ. ಕಟಿಂಗ್ ಪ್ಲೇಯರಿನಿಂದ ಒತ್ತಿದ್ದು ಕ್ರಿಂಪ್ ಅಲ್ಲ. ಸರಿಯಾಗಿ ಒತ್ತುವವರೆಗೆ ಬಿಟ್ಟುಕೊಡದ ರಾಚೆಟ್ ಇರುವ ಕ್ರಿಂಪಿಂಗ್ ಟೂಲೇ ಬೇಕು. ಒತ್ತಿದ ಮೇಲೆ ಎರಡೂ ಕಡೆ ಹಿಡಿದು ಗಟ್ಟಿಯಾಗಿ ಎಳೆದು ನೋಡಿ. ಈಗ ಜಾರುವುದಾದರೆ ಈಗಲೇ ಜಾರಲಿ.

ಹೀಟ್ ಶ್ರಿಂಕ್ ಸ್ಲೀವ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು, ಏಕೆಂದರೆ ಸರಿಯಾಗಿ ಹಾಕಿದರೆ ಇದರಷ್ಟು ನಂಬಬಹುದಾದ ಮದ್ದು ಕಡಿಮೆ. ಅಂಟಿಲ್ಲದ ತೆಳು ಸ್ಲೀವ್ ನೀರು ತಡೆಯುವುದಿಲ್ಲ. ಒಳಗೋಡೆಯಲ್ಲಿ ಅಂಟಿನ ಪದರ ಇರುವ, ಮೂರು ಪಟ್ಟು ಕುಗ್ಗುವ ಜಾತಿಯದ್ದು ಬೇಕು. ಒಂದೊಂದು ಕೋರಿಗೆ ಒಂದೊಂದು ಚಿಕ್ಕ ಸ್ಲೀವ್ ಹಾಕಿದ ಮೇಲೆ, ಒಂದು ಕಡೆಯ ಶೀತ್‌ನಿಂದ (ಕೇಬಲಿನ ಹೊರ ಹೊದಿಕೆಯಿಂದ) ಇನ್ನೊಂದು ಕಡೆಯ ಶೀತ್‌ಗೆ ತಲುಪುವ ಒಂದು ದೊಡ್ಡ ಸ್ಲೀವ್ ಕಡ್ಡಾಯ. ಇಲ್ಲದಿದ್ದರೆ ಶೀತ್ ಮತ್ತು ಕೋರುಗಳ ನಡುವಿನ ಸಂದಿಯಿಂದ ನೀರು ಹೋಗುತ್ತದೆ. ಮೂರೂ ಕೋರಿನ ಜಾಯಿಂಟ್‌ಗಳು ಅಕ್ಕಪಕ್ಕ ಬಾರದಂತೆ 40ರಿಂದ 50 ಮಿ.ಮೀ. ಹಿಂದೆ ಮುಂದೆ ಇರಲಿ. ಶೀತ್ ಮೈಯನ್ನು ಎರಡೂ ಕಡೆ 50 ಮಿ.ಮೀ.ನಷ್ಟು ಉಪ್ಪುಕಾಗದದಿಂದ ತರಿಯಾಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆಯೇ ಬಿಸಿಗೆ ಕೈ ಹಾಕಿ. ಹಾಟ್ ಏರ್ ಗನ್ನಿನಿಂದ ನಡುವಿನಿಂದ ಶುರುಮಾಡಿ ತುದಿಯ ಕಡೆಗೆ ಸಾಗಿದರೆ ಗಾಳಿ ಹೊರಗೆ ತಳ್ಳಿಕೊಂಡು ಹೋಗುತ್ತದೆ. ಎರಡೂ ತುದಿಯಲ್ಲಿ ಸುತ್ತಲೂ ಅಂಟು ಸಣ್ಣ ಉಂಗುರದಂತೆ ಇಣುಕಿದಾಗ ಕೆಲಸ ಮುಗಿದಂತೆ. ಒಂದು ಬದಿಯಲ್ಲಿ ಉಂಗುರ ಕಾಣದಿದ್ದರೆ ಅಲ್ಲಿ ಅಂಟು ಹಿಡಿದಿಲ್ಲ. ಬೀಡಿಗೆ ಹಚ್ಚುವ ಲೈಟರಿನಲ್ಲಿ ಮಾಡಿದರೆ ಒಂದು ಬದಿ ಕರಕಲು, ಇನ್ನೊಂದು ಬದಿ ಹಸಿ. ತಣ್ಣಗಾಗುವವರೆಗೆ ಬಾಗಿಸಬೇಡಿ.

ನಿಮ್ಮ ಲೈಟ್‌ಗಳು 12 ವೋಲ್ಟ್ ಡಿಸಿಯವಾಗಿದ್ದರೆ ಶಾಕ್ ಭಯ ಕಡಿಮೆ, ಕಿಲುಬು ಮಾತ್ರ ಹೆಚ್ಚು. ಡಿಸಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುವುದರಿಂದ ಒದ್ದೆಯಾದಲ್ಲಿ ಪಾಸಿಟಿವ್ ವೈರ್ ವೇಗವಾಗಿ ಸವೆದುಹೋಗುತ್ತದೆ. ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯ.

ಬಾವಿಯ ಜಾಯಿಂಟ್

ನೀರಿನೊಳಗಿನ ಜಾಯಿಂಟಿಗೆ ಮೂರು ಆಯ್ಕೆಗಳು: ಅಂಟಿನ ಹೀಟ್ ಶ್ರಿಂಕ್, ರಬ್ಬರ್ ಟೇಪ್, ರೆಸಿನ್ ಕಿಟ್. ಪಂಪಿನ ಕೇಬಲ್ ಸಾಮಾನ್ಯವಾಗಿ ಚಪ್ಪಟೆ. ಅದಕ್ಕೆ ಗುಂಡು ಸ್ಲೀವ್ ಹಾಕಿದರೆ ಕೋರುಗಳ ನಡುವಿನ ತಗ್ಗಿನಲ್ಲಿ ಕಾಲುವೆ ಉಳಿಯುತ್ತದೆ, ಅಲ್ಲಿ ಮಾಸ್ಟಿಕ್ ಎಂಬ ಮೆತ್ತನೆಯ ಅಂಟನ್ನು ಒತ್ತಿ ತುಂಬಿಸಿದ ಮೇಲೆಯೇ ಸ್ಲೀವ್. ಪ್ರತಿ 10 ಮೀಟರ್ ಆಳಕ್ಕೆ ಒಂದು ಬಾರ್ ಒತ್ತಡ ಏರುತ್ತದೆ, ಕೂದಲೆಳೆಯಷ್ಟು ಕಾಲುವೆಯಾದರೂ ಅದಕ್ಕೆ ಸಾಕು. ಕೇಬಲಿನ ಭಾರ ಜಾಯಿಂಟಿನ ಮೇಲೆ ಬೀಳದಂತೆ ಅದರ ಮೇಲೂ ಕೆಳಗೂ ಪೈಪಿಗೆ ಕಟ್ಟಿ.

ಬಾವಿಗೆ ಇಳಿಸುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಮೋಟಾರಿಗೂ ಸ್ಟಾರ್ಟರಿಗೂ ಜೋಡಿಸದೆ, ಬಿಡಿ ತುದಿಗಳು ಆಚೆ ಒಣಗಿರುವಂತೆ, ಜಾಯಿಂಟನ್ನು ಒಂದು ಬಕೆಟ್ ನೀರಿನಲ್ಲಿ 24 ಗಂಟೆ ಮುಳುಗಿಸಿಡಿ. ಆಮೇಲೆ 500 ವೋಲ್ಟ್ ಮೆಗ್ಗರಿನ (ಇನ್ಸುಲೇಶನ್ ಎಷ್ಟು ಗಟ್ಟಿ ಎಂದು ಅಳೆಯುವ ಮೀಟರಿನ) ಒಂದು ತುದಿಯನ್ನು ಕೋರಿಗೆ, ಇನ್ನೊಂದನ್ನು ನೀರಿನಲ್ಲಿ ಇಳಿಬಿಟ್ಟ ತಗಡಿಗೆ ಕೊಟ್ಟು ಅಳೆಸಿ. ಹೊಸ ಜಾಯಿಂಟ್ ನೂರಾರು ಮೆಗಾಓಮ್ ತೋರಿಸಬೇಕು. ಪರೀಕ್ಷೆ ನಡೆಯುವಾಗ ನೀರಿಗಾಗಲಿ ಬರಿ ತುದಿಗಾಗಲಿ ಯಾರೂ ಕೈ ತಾಗಿಸಬಾರದು.

ಕೆಟ್ಟ ಬಾಕ್ಸ್ ಹುಡುಕುವುದು

ನೀರು ಕಂಡದ್ದು ಎರಡು ಬಾಕ್ಸ್‌ಗಳಲ್ಲಿ ಎಂದಿರಿ. ಉಳಿದವು ಸರಿಯಿವೆ ಎಂದು ಕಣ್ಣಿನಿಂದ ಹೇಳಲಾಗದು. ಸಾಮಾನ್ಯ ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುವುದರಿಂದ ತೇವದ ಸೋರಿಕೆ ಅದರ ಕಣ್ಣಿಗೆ ಬೀಳದಿರಬಹುದು. ಇಲ್ಲೂ 500 ವೋಲ್ಟ್ ಮೆಗ್ಗರ್ ಬೇಕು. ಮೇನ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಟೆಸ್ಟರಿನಲ್ಲಿ ಖಚಿತಪಡಿಸಿಕೊಂಡು, ಆ ಲೈನಿನ ಫೇಸ್, ನ್ಯೂಟ್ರಲ್ ಎರಡನ್ನೂ ಬೋರ್ಡಿನಲ್ಲಿ ಬಿಚ್ಚಿ. ಎಲ್‌ಇಡಿ ಡ್ರೈವರ್‌ಗಳನ್ನೂ ಕಳಚಿ, ಇಲ್ಲದಿದ್ದರೆ 500 ವೋಲ್ಟಿಗೆ ಅವು ಸುಟ್ಟುಹೋಗಬಹುದು. ಈಗ ಫೇಸ್ ಮತ್ತು ಅರ್ತ್ ನಡುವೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಲೈನ್ ಬಳಸಲು ತಕ್ಕುದಲ್ಲ. ಒಂದನೆಯದರಿಂದ ಒಂಬತ್ತರವರೆಗೆ ಸಾಲಾಗಿ ಬಿಚ್ಚುತ್ತ ಹೋಗಬೇಡಿ. ಐದನೆಯದರ ಹತ್ತಿರ ಕಡಿದು ಎರಡೂ ಭಾಗವನ್ನು ಬೇರೆ ಬೇರೆ ಅಳೆಸಿ, ಕೆಟ್ಟ ಭಾಗವನ್ನು ಮತ್ತೆ ಅರ್ಧ ಮಾಡಿ. ಒಂದು ಕೆಟ್ಟ ಜಾಗವಾದರೆ ಹೆಚ್ಚೆಂದರೆ ನಾಲ್ಕು ಸಲದಲ್ಲಿ ಸಿಗುತ್ತದೆ. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಆಗಬೇಕಾದ ಕೆಲಸ. ಮೆಗ್ಗರ್ ತರದೆ ಬರೀ ಟೇಪ್ ಹಿಡಿದು ಬಂದವರಿಂದ ಈ ಲೈನ್ ರಿಪೇರಿ ಮಾಡಿಸಬೇಡಿ.

ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಅಳೆಸಿ, ಆ ಅಂಕಿಯನ್ನೂ ದಿನಾಂಕವನ್ನೂ ಬೋರ್ಡಿನ ಬಾಗಿಲ ಒಳಗೆ ಬರೆದಿಡಿ. ಆರ್‌ಸಿಸಿಬಿ 30 ಮಿಲಿಆಂಪಿಯರಿನದೇ ಎಂದು ನೋಡಿಕೊಂಡು, ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ಪರೀಕ್ಷಿಸಿ. ಮಳೆಗಾಲ ಕಳೆದ ಮೇಲೆ ಅದೇ ಅಳತೆಯನ್ನು ಮತ್ತೆ ತೆಗೆಸಿ. 200 ಮೆಗಾಓಮ್ ಇದ್ದದ್ದು 150ಕ್ಕೆ ಬಂದಿದ್ದರೆ ಅದು ಹವೆಯ ತೇವ, ಚಿಂತೆಯಿಲ್ಲ. 5ಕ್ಕೋ 10ಕ್ಕೋ ಇಳಿದಿದ್ದರೆ, ಆರ್‌ಸಿಸಿಬಿ ಇನ್ನೂ ಬೀಳದಿದ್ದರೂ, ಯಾವುದೋ ಬಾಕ್ಸ್ ಆಗಲೇ ನೀರು ಕುಡಿಯಲು ಶುರುಮಾಡಿದೆ. ಆಗಲೇ ತೆರೆದರೆ ಒಂದು ಬೆರಳುದ್ದ ಕತ್ತರಿಸಿದರೆ ಹೊಳೆಯುವ ತಾಮ್ರ ಸಿಗುತ್ತದೆ.